ಬಿಸಿನೀರಿನ ಬುಗ್ಗೆಯಲ್ಲಿ ನನ್ನ ವಿಶ್ರಾಂತಿ

ಮದುವೆಯಾದಾಗಿನಿಂದ ನಾನು ಹಂಸಳನ್ನು ಎಲ್ಲಿಗೂ ಕರೆದುಕೊಂಡು ಹೋಗಿಲ್ಲ ಎಂಬ ಆರೋಪ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆಗೇ ಬರುತ್ತದೆ. (ಹತ್ತಿರದ ಮೊಸಳೆ ಎಂಬ ಊರಿನ ಜೋಡಿ ದೇವಸ್ಥಾನ ತೋರಿಸಿದ್ದೇನೆ. ಸ್ಕೂಟರಿನಲ್ಲಿ ಹೋಗಿ ಊಟದ ಹೊತ್ತಿಗೆ ವಾಪಸ್ಸಾದದ್ದು ಪ್ರವಾಸವಲ್ಲವಂತೆ.) ಆದ್ದರಿಂದ ಈ ಡಿಸೆಂಬರಿನಲ್ಲಿ, ಹೊಳೆನರಸೀಪುರದ ಕಾಲೇಜೊಂದರ ಭೂಗೋಳದ ಮೇಷ್ಟ್ರಾದ ನಾನು, ಪುತ್ತೂರಿನ ಕಡೆಯ ಬಿಸಿನೀರಿನ ಬುಗ್ಗೆಯಲ್ಲಿ ಮೈಚಾಚಿ ವಿಶ್ರಮಿಸುವುದೆಂದು ಘೋಷಿಸಿದೆ.

"ನೆಲದೊಳಗಿಂದ ತಾನಾಗೇ ಬಿಸಿನೀರು ಬರತ್ತೆ ಕಣೇ. ಸೌದೆ ಬೇಡ, ಕರೆಂಟು ಬೇಡ."

"ಹಾಗಾದ್ರೆ ಅದು ತೀರ್ಥ. ನಾನೂ ಬರ್ತೀನಿ," ಎಂದರು ಒಳಗಿನಿಂದ ನನ್ನ ಅತ್ತೆ ಶ್ರೀರಂಗಮ್ಮ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಚೀಲ ಕಾರಿನಲ್ಲಿತ್ತು. ಮುಂದಿನ ಸೀಟಿನಲ್ಲಿ ಅವರೂ ಇದ್ದರು.

ಶಿರಾಡಿ ಘಾಟಿ ಇಳಿಯುವ ತನಕ ಭೂಗರ್ಭದ ಶಾಖದ ಬಗ್ಗೆ ಉಪನ್ಯಾಸ ಕೊಟ್ಟೆ. ಮುಂಜಾಗ್ರತೆಯಾಗಿ ಸುಟ್ಟಗಾಯದ ಮುಲಾಮು ತಂದಿರುವುದನ್ನೂ ತಿಳಿಸಿದೆ. ಅಲ್ಲಿ ನೋಡಿದರೆ ಕಲ್ಲು ಕಟ್ಟಿದ ಪುಟ್ಟ ಕೊಳ. ಆವಿಯಿಲ್ಲ, ಕುದಿಯುವ ಸದ್ದಿಲ್ಲ.

"ಯಾರೂ ಇಳೀಬೇಡಿ. ಮೊದಲು ನಾನು ಪರೀಕ್ಷೆ ಮಾಡ್ತೀನಿ," ಎಂದು ಪ್ಯಾಂಟು ಮಡಚಿ ಕಾಲಿನ ಹೆಬ್ಬೆರಳು ಚಾಚಿದೆ. ಅದಿನ್ನೂ ನೀರು ಮುಟ್ಟಿರಲಿಲ್ಲ. ಅತ್ತೆ ಆಗಲೇ ಕೊರಳವರೆಗೆ ಇಳಿದಿದ್ದರು.

"ಆರಿದ ಕಾಫಿ ಇದ್ದ ಹಾಗಿದೆ, ಅಳಿಯಂದ್ರೇ. ಹಿತವಾಗಿದೆ. ಬಾರೇ ಹಂಸ."

ತಾಯಿ ಮಗಳು ನೀರಿನಲ್ಲಿ ಕೂತು ಯಾರದೋ ಮದುವೆಯ ಹಳೇ ಸಮಾಚಾರ ತೆಗೆದರು. ಹಂಸ ನಕ್ಕೂ ನಕ್ಕೂ ಕೆಮ್ಮಿದಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ದಡದಲ್ಲಿ ಇಬ್ಬರ ಟವೆಲ್ಲು, ಚಪ್ಪಲಿ, ಕನ್ನಡಕ ಕಾಯುತ್ತಿದ್ದ ನನಗೂ ಮನಸ್ಸು ತುಂಬಿ ಬಂತು. ಸೇರಿಕೊಳ್ಳೋಣವೆಂದು ಠೀವಿಯಿಂದ ಮೆಟ್ಟಿಲ ಮೇಲೆ ಕಾಲಿಟ್ಟೆ. ಪಾಚಿ. ನಾನು ಕೂತ ರಭಸಕ್ಕೆ ಕೊಳದ ಅರ್ಧ ನೀರು ದಡ ಸೇರಿತು.

"ಸುಟ್ಟಿತಾ?" ಎಂದಳು ಹಂಸ.

"ಇಲ್ಲ. ಸೊಂಟ ಉಳುಕಿತು."

"ಅದಕ್ಕೇನೂ ಮುಲಾಮು ತಂದಿಲ್ವಾ?"

ಸ್ಟೀರಿಂಗಿನ ಮುಂದೆ ಕೂರುವುದಕ್ಕೆ ನನ್ನಿಂದಾಗಲಿಲ್ಲ. ಹಂಸ ಎಂದೋ ಲೈಸೆನ್ಸ್ ಮಾಡಿಸಿದ್ದಳು. ಕಾರು ಕೊಡುವ ಧೈರ್ಯ ನನಗೆ ಬಂದಿರಲಿಲ್ಲ. ಈಗ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿದೆ. ಅವಳು ಟ್ಯಾಂಕರುಗಳನ್ನು ಹಿಂದೆ ಹಾಕುತ್ತ ಘಾಟಿ ಹತ್ತಿಸಿದಳು.

"ಹಂಸ, ಮುಂದೆ ತಿರುವಿದೆ."

"ಕಾಣ್ತಿದೆ. ನೀವು ಸುಮ್ನೆ ಮಲ್ಕೊಳ್ಳಿ."

ಸಕಲೇಶಪುರದಲ್ಲಿ ಅವರಿಬ್ಬರೂ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದರು. ನನಗೆ ಕಿಟಕಿಯಿಂದ ಇಡ್ಲಿ ಬಂತು. ಮಲಗಿದವರಿಗೆ ಎಣ್ಣೆ ಪದಾರ್ಥ ಆಗುವುದಿಲ್ಲವೆಂಬುದು ಅತ್ತೆಯ ವೈದ್ಯ.

ಈಗ ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ. ನಾನು ಬಯಸಿದ್ದೂ ಅದನ್ನೇ. ನಿನ್ನೆ ಬೆಳಿಗ್ಗೆ ಹಂಸ ರಬ್ಬರ್ ಚೀಲಕ್ಕೆ ನೀರು ತುಂಬಿ ನನ್ನ ಸೊಂಟದಡಿ ಇಟ್ಟು, "ಜೋಪಾನ ಕಣ್ರೀ, ಇದು ನಿಜವಾಗ್ಲೂ ಬಿಸಿ ಇದೆ," ಎಂದು ಹೇಳಿ ಅಮ್ಮನನ್ನು ಕೂರಿಸಿಕೊಂಡು ಶ್ರವಣಬೆಳಗೊಳಕ್ಕೆ ಹೊರಟಳು. ಬೀದಿಯ ತುದಿಯಲ್ಲಿ ಹಾರನ್ ಎರಡು ಸಲ ಕೇಳಿಸಿತು. ನನ್ನನ್ನು ಬಿಟ್ಟು ಹೋಗಲು ಅವಳಿಗೂ ಬೇಸರವೆಂದುಕೊಂಡು ಮಲಗಿದಲ್ಲಿಂದಲೇ ಕೈ ಎತ್ತಿದೆ.

ಸಂಜೆ ವಿಚಾರಿಸಿದೆ. ಎಮ್ಮೆ ಅಡ್ಡ ಬಂದಿತ್ತಂತೆ.