ಕೋರ್ಟಿನಲ್ಲಿ ಹಾಕಿದ ಹೆರಳು

ನಗಬೇಕೆಂದು ಯಾರೂ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಆದರೂ ಅಕ್ಕನ ಕೇಸು ಶುರುವಾದಾಗಿನಿಂದ ನಗು ನಮ್ಮ ಬೆನ್ನು ಬಿಟ್ಟಿಲ್ಲ. ಅಕ್ಕ ಗಾಂಧಿ ಚೌಕದ ಹಿಂದೆ ಹೊಲಿಗೆ ಅಂಗಡಿ ನಡೆಸುತ್ತಾಳೆ. ಅವಳ ಗಂಡ, ಅಂದರೆ ನಮ್ಮ ಮಾಮಾ, ನಿಡೋಣಿಯಲ್ಲಿ ಒಕ್ಕಲುತನ ಮಾಡುತ್ತಾರೆ. ಇಬ್ಬರೂ ಬೇರೆಯಾಗಿದ್ದಾರೆ. ಏಳು ವರ್ಷದ ಮಗಳು ಅಕ್ಕನ ಹತ್ತಿರ. ಭಾನುವಾರ ಹಗಲು ಮಾತ್ರ ಅಪ್ಪನ ಹತ್ತಿರ. ಬಿ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ನಾನು ಅವಳನ್ನು ಕರೆದೊಯ್ದು ಕರೆತರುತ್ತೇನೆ. ಎರಡೂ ಮನೆಯಲ್ಲಿ ಚಹಾ ಸಿಗುವುದು ನನಗೊಬ್ಬನಿಗೇ.

೧. ಫ್ರಾಕು

ತಮ್ಮನ್ನು ಕೇಳದೆ ಪರಸ್ಪರ ಒಂದು ಮಾತೂ ಆಡಬೇಡಿ ಎಂದು ಇಬ್ಬರಿಗೂ ಅವರವರ ವಕೀಲರು ಹೇಳಿದ್ದರು. ದೀಪಾವಳಿಗೆ ಮಗಳಿಗೆ ಫ್ರಾಕು ತರಬೇಕೆಂದು ಮಾಮಾ ನನ್ನ ಕೈಲಿ ಅಳತೆ ಕೇಳಿಸಿದರು.

"ನಮ್ಮ ವಕೀಲರನ್ನ ಕೇಳಿ ಹೇಳ್ತೇನಿ ಅಂತ ಹೇಳು," ಎಂದಳು ಅಕ್ಕ.

ಇವರ ವಕೀಲರು ಅವರ ವಕೀಲರಿಗೆ ಹೇಳಿ, ಅಳತೆ ನಿಡೋಣಿ ಮುಟ್ಟುವಷ್ಟರಲ್ಲಿ ಹಬ್ಬ ಮುಗಿದು ಮಗಳು ಎರಡು ಬೆರಳು ಬೆಳೆದಿದ್ದಳು. ಕೊನೆಗೆ ಬಂದ ಆ ಫ್ರಾಕಿನ ಮಡಿಕೆ ಬಿಚ್ಚಿ ಉದ್ದ ಮಾಡಿದವಳು ಅಕ್ಕನೇ. ಅದಕ್ಕೆ ವಕೀಲರನ್ನು ಕೇಳಲಿಲ್ಲ.

೨. ತಕರಾರು

ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಮಗಳು ತಮ್ಮ ಮನೆಯಲ್ಲಿರಲಿ ಎಂದು ಮಾಮಾ ಅರ್ಜಿ ಹಾಕಿದರು. ನಮ್ಮ ವಕೀಲರು ಎದ್ದು ನಿಂತರು.

"ಹುಡುಗಿಗೆ ಹೆರಳು ಹಾಕಾಕೂ ಬರಂಗಿಲ್ರಿ ಇವರಿಗೆ. ತಿಂಗಳಗಟ್ಟಲೆ ಹ್ಯಾಂಗ ನೋಡ್ಕೋತಾರ?"

ನ್ಯಾಯಾಧೀಶೆ ಮಾಮಾನ ಕಡೆ ನೋಡಿದರು. "ಬರ್ತದೇನು?"

"ಇಲ್ರಿ. ಎತ್ತಿನ ಹಗ್ಗ ಹೆಣಿಯಾಕ ಬರ್ತೈತ್ರಿ."

ಎಲ್ಲರೂ ನಕ್ಕರು. ನ್ಯಾಯಾಧೀಶೆ ನಗಲಿಲ್ಲ. "ಮುಂದಿನ ತಾರೀಖಿಗೆ ಬಾಚಣಿಗೆ ತಗೊಂಡು ಬರ್ರಿ. ಇಲ್ಲೇ ನೋಡೋಣ."

ನಮ್ಮ ವಕೀಲರು ತಮ್ಮ ಬೋಳು ತಲೆ ಸವರಿಕೊಂಡು ಕುಳಿತರು.

೩. ಅಭ್ಯಾಸ

ಆ ಭಾನುವಾರ ಮಾಮಾ ಹಾಕಿದ ಮೊದಲ ಹೆರಳು ಎಷ್ಟು ಬಿಗಿಯೆಂದರೆ ಮಗಳ ಹುಬ್ಬು ಹಣೆಗೆ ಏರಿದ್ದವು. ಮೂರು ಎಳೆಗಳ ಮೇಲೂ ಎಳೆತ ಸಮನಾಗಿ, ಹಗುರಾಗಿ ಇರಬೇಕೆಂದು ನಾನು ವಿವರಿಸಿದೆ. ಮಾಮಾ ಬಾಚಣಿಗೆಯನ್ನು ನನ್ನ ಕೈಗಿಟ್ಟರು.

"ಹಾಕಿ ತೋರ್ಸೋ ತಮ್ಮಾ."

ನನ್ನದು ಥಿಯರಿ ಮಾತ್ರ.

ಉಳಿದ ದಿನ ಅಭ್ಯಾಸಕ್ಕೆ ಮಗಳಿರಲಿಲ್ಲ; ಎತ್ತಿನ ಬಾಲವಿತ್ತು. ಮುಂದಿನ ವಾರ ನಾವು ಹೋದಾಗ ಎತ್ತು ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿಕೊಂಡು ನೀರಿಗೆ ಹೊರಟಿತ್ತು. ಕಾರಹುಣ್ಣಿಮೆಗೆ ಮಾತ್ರ ಎತ್ತಿನ ಸಿಂಗಾರ ಕಂಡಿದ್ದ ಅಜ್ಜ ಕಟ್ಟೆಯ ಮೇಲಿಂದ ಕೂಗಿದ:

"ಯಾಕಲೇ, ಈ ವರ್ಷ ಕಾರಹುಣ್ಣಿವಿ ಲಗೂನ ಬಂತೇನ?"

೪. ತೀರ್ಪು

ತಾರೀಖು ಬಂತು. ನ್ಯಾಯಾಧೀಶೆಯ ಕೊಠಡಿಯಲ್ಲಿ ಮಾಮಾ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಬೈತಲೆ ತೆಗೆದರು, ಎರಡು ಹೆರಳು ಹಾಕಿದರು, ರಿಬ್ಬನ್ ಕಟ್ಟಿದರು.

"ಹೊರಗ ಓಡಿ ಬಾ ಪುಟ್ಟಿ," ಎಂದರು ನ್ಯಾಯಾಧೀಶೆ.

ಅವಳು ವರಾಂಡದ ತುದಿಯವರೆಗೆ ಓಡಿ, ಕುಣಿದು, ಬೆವತು ಬಂದಳು. ಒಂದು ಕೂದಲೂ ಸಡಿಲಾಗಿರಲಿಲ್ಲ.

"ಅಪ್ಪ ಜಗ್ಗಿದಾಗ ನೋವಾತೇನವಾ?"

"ಇಲ್ರಿ. ಎತ್ತೂ ಒದೀಲಿಲ್ರಿ."

ಈ ಸಲ ನ್ಯಾಯಾಧೀಶೆಯೂ ನಕ್ಕರು. ರಜೆಯ ಒಂದು ತಿಂಗಳು ಪೂರ್ತಿ ಅಪ್ಪನ ಮನೆಯಲ್ಲಿ ಎಂದು ಆದೇಶವಾಯಿತು. ಅಕ್ಕ ಮಗಳ ತಲೆಯನ್ನು ಬಹಳ ಹೊತ್ತು ನೋಡಿ, "ಬೈತಲಿ ನೆಟ್ಟಗೈತಿ," ಎಂದಳು. ಮಾಮಾ ಹೊರಗೆ ಬಂದದ್ದೇ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗೇಟಿನವರೆಗೆ ನಡೆದರು, ಕುಸ್ತಿ ಗೆದ್ದವರ ಹಾಗೆ.

ರಜೆಗೆ ಇನ್ನೂ ವಾರವಿತ್ತು. ಮಗಳು ನಮ್ಮೊಡನೆ ಮನೆಗೆ ಬಂದಳು. ಸಂಜೆ ಅಕ್ಕ ಹೆರಳು ಬಿಚ್ಚಲು ಕುಳಿತಳು. ತುದಿಗೆ ಬಿದ್ದಿದ್ದು ಎತ್ತಿನ ಹಗ್ಗದ ಗಂಟು. ಉಗುರು ಸೋತಿತು, ಸೂಜಿ ಸೋತಿತು. ಕತ್ತರಿ ಕಂಡು ಮಗಳು ಚೀರಿದಳು. ಬೇರೆಯಾದ ಮೇಲೆ ಮೊದಲ ಸಲ ಅಕ್ಕ ತಾನೇ ಮಾಮಾನಿಗೆ ಫೋನ್ ಹಚ್ಚಿ, ಸ್ಪೀಕರ್ ಮೇಲೆ ಇಟ್ಟಳು.

"ರೀ, ಈ ಗಂಟು ಬಿಚ್ಚೂದು ಹ್ಯಾಂಗ್ರಿ?"

ಆ ಕಡೆಯಿಂದ ಮಾಮಾ ಗಂಭೀರವಾಗಿ ಹೇಳಿದರು:

"ನಮ್ಮ ವಕೀಲರನ್ನ ಕೇಳಿ ಹೇಳ್ತೇನಿ."