ಮಾಲಕರು ಮಾಳಿಗೆಯ ಮೇಲಿದ್ದಾರೆ

ಮುಪ್ಪಿನಲ್ಲಿ ಮನುಷ್ಯನು ಸ್ವಂತ ಮನೆಯಲ್ಲಿರಬೇಕೋ ಬಾಡಿಗೆ ಮನೆಯಲ್ಲಿರಬೇಕೋ ಎಂಬುದು ಅವನು ತಾನೇ ತೀರ್ಮಾನಿಸಬಾರದಷ್ಟು ಗಂಭೀರವಾದ ಪ್ರಶ್ನೆ. ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲಿ ಇದಕ್ಕಾಗಿಯೇ ಒಂದು ಕಚೇರಿಯನ್ನು ತೆರೆಯಲಾಗಿತ್ತು. ಅದರ ಹೆಸರು ‘ವಯೋವೃದ್ಧರ ವಸತಿ ಸಂಶಯ ನಿವಾರಣಾ ಕಚೇರಿ’. ಅದು ನಡೆಯುತ್ತಿದ್ದುದು ಅರಳೆ ತುಂಬಿಡುವ ಒಂದು ಹಳೆಯ ವಖಾರಿಯಲ್ಲಿ. ಬಾಡಿಗೆಯ ವಖಾರಿ. ಕಚೇರಿಗೆ ಸ್ವಂತ ಕಟ್ಟಡ ಬೇಕೋ, ಬಾಡಿಗೆಯದೇ ಸಾಕೋ ಎಂಬ ಸಂಶಯ ಇನ್ನೂ ಮೇಲಿನವರ ವಿಚಾರದಲ್ಲಿತ್ತು.

ಬೆಂಗೇರಿಯ ದಾನವ್ವನಿಗೆ ಇಂಥ ಯಾವ ಸಂಶಯವೂ ಇರಲಿಲ್ಲ. ಕಟ್ಟಿಸುವಾಗ ತವರಿನವರು ಕೈಜೋಡಿಸಿದ್ದರಿಂದ ಮನೆಯ ಕಾಗದದಲ್ಲಿ ಗಂಡನ ಹೆಸರಿನ ಜೊತೆಗೆ ಆಕೆಯ ಹೆಸರೂ ಇತ್ತು. ಆದರೆ ಆಕೆ ಕಾಗದವನ್ನು ನಂಬಿ ಕೂತವಳಲ್ಲ. ಕಟ್ಟೆಯನ್ನು ನಂಬಿ ಕೂತವಳು. ಮನೆಯ ಮುಂದೆ ಕಲ್ಲುಚಪ್ಪಡಿಯ ಅಗಲವಾದ ಕಟ್ಟೆ. ಇಳಿಹೊತ್ತಿಗೆ ಆಕೆ ಇಳಕಲ್ ಸೀರೆಯ ನಿರಿಗೆ ಸರಿಮಾಡಿಕೊಂಡು ಅದರ ಮೇಲೆ ಕೂತಳೆಂದರೆ ಓಣಿಯ ಮಂದಿ ತಮ್ಮ ನಡಿಗೆಯನ್ನು ತಿದ್ದಿಕೊಳ್ಳುತ್ತಿದ್ದರು. ಮನೆಯುಳ್ಳವರು ಕಟ್ಟೆಯ ಮೇಲೆ ಕೂಡ್ರಬೇಕು, ಬಾಡಿಗೆಯವರು ಕೆಳಗಿದ್ದು ಮಾತಾಡಬೇಕು ಎಂಬುದು ಆ ಓಣಿಯ ಪದ್ಧತಿ. ಅದನ್ನು ಯಾರೂ ಮಾಡಿರಲಿಲ್ಲವಾದ್ದರಿಂದ ಯಾರೂ ಮುರಿದಿರಲಿಲ್ಲ.

ಪಕ್ಕದ ಮನೆಯ ರೆಹಮತ್‌ಬಿ ಮೂವತ್ತು ವರ್ಷಗಳಿಂದ ಬಾಡಿಗೆಯವಳು. ದಿನಾ ಸಂಜೆ ಬಂದು, ಕಟ್ಟೆಯ ಕೆಳಗಿನ ಒಗೆಯುವ ಕಲ್ಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ದಾನವ್ವ ಆಕೆಗೆ ಎಲೆ ಅಡಿಕೆ ಕೊಡುತ್ತಿದ್ದಳು, ಓಣಿಯ ಸುದ್ದಿ ಕೊಡುತ್ತಿದ್ದಳು, ಕೇಳದಿದ್ದರೂ ಬುದ್ಧಿಮಾತು ಕೊಡುತ್ತಿದ್ದಳು. ಕಟ್ಟೆಯ ಮೇಲೆ ಜಾಗ ಮಾತ್ರ ಕೊಟ್ಟಿರಲಿಲ್ಲ.

ಸಂಶಯ ಬಂದದ್ದು ಗಂಡ ನೀಲಕಂಠಪ್ಪನವರಿಗೆ. ಅದೂ ಮೊಣಕಾಲಿನ ಮೂಲಕ ಬಂತು. ಅರಳೆ ವ್ಯಾಪಾರ ಬಿಟ್ಟ ಮೇಲೆ ಅವರಿಗೆ ಉಳಿದಿದ್ದ ಕೆಲಸ ಒಂದೇ: ಮಣ್ಣಿನ ಮಾಳಿಗೆ ಸೋರದಂತೆ ಪ್ರತಿವರ್ಷ ಮಿರಗದ, ಅಂದರೆ ಮೃಗಶಿರದ, ಮಳೆಗೆ ಮೊದಲು ಮೇಲೆ ಹತ್ತಿ, ಆಳುಗಳಿಂದ ಸವಳು ಮಣ್ಣು ಹಾಕಿಸಿ ಬಡಿಸುವುದು. ಹಿಂದಿನ ವರ್ಷ ಹತ್ತಿದವರಿಗೆ ಇಳಿಯಲು ಬರಲಿಲ್ಲ. ಕಡೆಗೆ ನಾಲ್ಕು ಮಂದಿ ಸೇರಿ ಅವರನ್ನು ಅರಳೆಯ ಚೀಲದಲ್ಲಿ ಕೂಡ್ರಿಸಿ ಹಗ್ಗದಿಂದ ಇಳಿಸಿದರು. ಜೀವಮಾನವೆಲ್ಲ ಅರಳೆ ಇಳಿಸಿದವರಿಗೆ ಅರಳೆಯ ಕಷ್ಟ ಆಗ ತಿಳಿಯಿತು.

“ಈ ಮನಿ ಮಾರಿ ಕೇಶ್ವಾಪುರದಾಗ ಒಂದು ಬಾಡಿಗಿ ಮನಿ ಹಿಡಿಯೂಣು,” ಎಂದರು. “ಸೋರಿದ್ರ ಮಾಲಕನ ತಲಿಬ್ಯಾನಿ. ನಾವು ಹಾಸಿಗಿ ಸರಿಸಿ ಮಲಗೂದು.”

“ಬಾಡಿಗಿ ಮನ್ಯಾಗ ಗ್ವಾಡಿಗಿ ಒಂದು ಮೊಳಿ ಹೊಡಿಬೇಕಂದ್ರೂ ಮಂದೀನ್ನ ಕೇಳಬೇಕು,” ಎಂದಳು ದಾನವ್ವ. “ನಾ ಈ ಕಟ್ಟಿ ಬಿಟ್ಟು ಹೋಗೂದು ಒಂದ ಸಲ. ಅವತ್ತ ನಾಲ್ಕು ಮಂದಿ ಹೊತ್ಕೊಂಡು ಹೋಗಬೇಕು.”

“ನನಗ ಹೋದ ವರ್ಷನ ನಾಲ್ಕು ಮಂದಿ ಬೇಕಾದ್ರಲ್ಲ!”

ಮಾತು ಇತ್ಯರ್ಥವಾಗಲಿಲ್ಲ. ನೀಲಕಂಠಪ್ಪನವರು ಕಚೇರಿಗೆ ಅರ್ಜಿ ಕೊಟ್ಟರು.

ತಪಾಸಣೆಗೆ ಹೆಡ್‌ಕ್ಲಾರ್ಕ್ ಚನ್ನಯ್ಯನವರೇ ಬಂದರು. ಮನೆಯನ್ನು ಒಳಗಿನಿಂದ ನೋಡಿದರು, ಹೊರಗಿನಿಂದ ನೋಡಿದರು, ಆಮೇಲೆ ಮನಸ್ಸಿನಲ್ಲಿ ನೋಡಿದರು. ಅವರಿಗೊಬ್ಬ ಅಳಿಯನಿದ್ದ. ಮದುವೆಗೆಂದು ಮಾವನ ಮನೆಗೆ ಬಂದವನು ಇನ್ನೂ ಹೋಗಿರಲಿಲ್ಲ. ಅವನಿಗೊಂದು ಮನೆ ಬೇಕಾಗಿತ್ತೆಂಬುದಕ್ಕೂ ಮುಂದೆ ನಡೆದದ್ದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಕಚೇರಿ ಆಮೇಲೆ ಖಚಿತಪಡಿಸಿತು.

ಹುಕುಂ ಹೀಗಿತ್ತು: “ದಂಪತಿಗಳಲ್ಲಿ ಭಿನ್ನಾಭಿಪ್ರಾಯವಿದ್ದಲ್ಲಿ ಇಬ್ಬರ ಇಚ್ಛೆಯನ್ನೂ ಪೂರೈಸತಕ್ಕದ್ದು. ಆದ್ದರಿಂದ ದಾನವ್ವ ಇವಳು ಸದರಿ ಮನೆಯ ಮಾಲಕಳು. ನೀಲಕಂಠಪ್ಪ ಇವನು ಅವಳ ಬಾಡಿಗೆದಾರನು. ಇವರಿಬ್ಬರೊಳಗೆ, ಕಚೇರಿಯ ಕೆಲಸದ ಮಟ್ಟಿಗೆ, ಬೇರೆ ಯಾವ ಸಂಬಂಧವೂ ಇಲ್ಲವೆಂದು ತಿಳಿಯತಕ್ಕದ್ದು.” ಬಾಡಿಗೆ ಎಷ್ಟೆಂದು ಗೊತ್ತುಮಾಡುವ ಕೆಲಸ ಬೇರೊಂದು ಕಚೇರಿಯದಾಗಿತ್ತು. ಆ ಕಚೇರಿಯನ್ನು ಇನ್ನೂ ತೆರೆದಿರಲಿಲ್ಲ.

ಇಬ್ಬರಿಗೂ ಸಮಾಧಾನವಾಯಿತು. ದಾನವ್ವನಿಗೆ ಕಟ್ಟೆ ಉಳಿಯಿತು. ನೀಲಕಂಠಪ್ಪನವರಿಗೆ ಮಾಳಿಗೆ ತಪ್ಪಿತು. ಮಧ್ಯಾಹ್ನ ಅವರು ಎಂದಿನಂತೆ ಕೈತೊಳೆದು ಅಡಿಗೆಮನೆಯಲ್ಲಿ ಕೂತರು. ದಾನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. ಆಕೆ ಯಾವುದನ್ನೂ ಅರ್ಧಮರ್ಧ ಮಾಡುವವಳಲ್ಲ.

“ಏನು ಬೇಕಾಗಿತ್ತ್ರಿ?”

“ಊಟ.”

“ಬಾಡಿಗಿಯವರಿಗೆ ಮಾಲಕರ ಒಲಿ ಮ್ಯಾಲೆ ಹಕ್ಕಿಲ್ಲ.”

“ಏ, ನಾ ನಿನ್ನ ಗಂಡ!”

“ಕಚೇರಿ ಕೆಲಸದ ಮಟ್ಟಿಗೆ ಅಲ್ರಿ.”

ನೀಲಕಂಠಪ್ಪನವರು ಕೇಶ್ವಾಪುರದ ಒಂದು ಖಾನಾವಳಿಗೆ ಹೋಗತೊಡಗಿದರು. ಅಲ್ಲಿಯ ರೊಟ್ಟಿ ತಣ್ಣಗಿರುತ್ತಿತ್ತು. ಪಲ್ಯದ ವಿಷಯವನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ಮುಂದೊಂದು ದಿನ ಬೇಸಿಗೆಯ ಅಡ್ಡಮಳೆ ಹೊಡೆದು ಪಡಸಾಲೆಯಲ್ಲಿ ಅವರ ಹಾಸಿಗೆಯ ಮೇಲೆ ಹನಿಯಿತು. ಹಸಿದ ಮನುಷ್ಯನಿಗೆ ಇಷ್ಟು ಸಾಕಾಯಿತು. ಮಾಲಕಳ ಮೇಲೆ ತಕರಾರು ಕೊಟ್ಟರು.

ಚನ್ನಯ್ಯನವರು ಇದನ್ನೇ ಕಾಯುತ್ತಿದ್ದರು. ಹೊಸ ನಿಯಮವೊಂದನ್ನು ಆಗಲೇ ಬರೆದಿಟ್ಟಿದ್ದರು: “ಮಾಲಕರು ಮಿರಗದೊಳಗೆ ಖುದ್ದಾಗಿ ಮಾಳಿಗೆಯನ್ನೇರಿ ಮಣ್ಣು ಹಾಕತಕ್ಕದ್ದು. ಏರಲಾಗದವರ ಮಾಲಕತ್ವ ಕಚೇರಿಗೆ ಸೇರತಕ್ಕದ್ದು. ಅಂಥವರು ಮನೆಯನ್ನು ಬಿಡತಕ್ಕದ್ದು.” ‘ಖುದ್ದಾಗಿ’ ಎಂಬ ಶಬ್ದ ಚನ್ನಯ್ಯನವರ ಸ್ವಂತ ಕೊಡುಗೆ. ಅದರ ಬಗ್ಗೆ ಅವರಿಗೆ ಅಭಿಮಾನವಿತ್ತು.

ದಾನವ್ವ ಕಚ್ಚೆ ಬಿಗಿದು, ಇಡೀ ಓಣಿ ನೋಡುತ್ತಿರಲು ಏಣಿ ಹತ್ತಿದಳು. ಮೂರನೆಯ ಮೆಟ್ಟಿಲಲ್ಲಿ ಮೊಣಕಾಲು ನಿಂತಿತು. ಸ್ವಲ್ಪ ಹೊತ್ತು ಅಲ್ಲಿಂದಲೇ ಊರನ್ನು ನೋಡಿ, ಅದಕ್ಕೇ ಹತ್ತಿದವಳ ಹಾಗೆ ಇಳಿದಳು. ಮರುದಿನ ಓಣಿಯಲ್ಲಿ ಡಂಗುರ ಸಾರಿದರು:

“ಕೇಳ್ರಪೋ ಕೇಳ್ರಿ! ದಾನವ್ವನ ಮನಿ ಕಚೇರಿ ಪಾಲಾಗೇತಿ! ಕಟ್ಟಿನೂ ಕಚೇರೀದು! ಮಿರಗದೊಳಗ ಆಕಿ ಮನಿ ಖಾಲಿ ಮಾಡಬೇಕು! ಯಾರೂ ಮನಸ್ಸಿಗೆ ಹಚ್ಕೋಬಾರದಂತ ಹುಕುಂ ಆಗೇತಿ!”

ಬೆನ್ನ ಹಿಂದೆಯೇ ಚನ್ನಯ್ಯನವರ ಅಳಿಯನ ಟ್ರಂಕು ಬಂದು ಅಂಗಳದಲ್ಲಿ ಕೂತಿತು. ತಪಾಸಣೆಯ ಸಾಮಾನೆಂದು ಹೇಳಲಾಯಿತು.

ಆ ಸಂಜೆ ದಾನವ್ವ ಕಟ್ಟೆಯ ಮೇಲೆ ಕೂಡ್ರಲಿಲ್ಲ. ಹೊಸ್ತಿಲೊಳಗೆ ನಿಂತಿದ್ದಳು. ಕಲ್ಲಿನ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ರೆಹಮತ್‌ಬಿ ಕೇಳಿದಳು: “ಎಲ್ಲಿಗಿ ಹೋಗಾವ್ರು ಅಕ್ಕಾರ?”

“ಎಲ್ಲಿಗಿ ಹೋಗ್ಲಿ? ಸ್ವಂತ ಮನಿ ಇದ್ದಾಕಿಗಿ ಹೋಗಾಕ ಜಾಗ ಎಲ್ಲಿರತೈತಿ?”

“ನಮ್ಮ ಮನಿ ಮಾಲಕರು ಮೂರು ಮಂದಿ ಬದಲಾದ್ರು. ಒಬ್ಬಾವ ಮಾರಿದ, ಒಬ್ಬಾವ ದಿವಾಳಿ ತಗದ, ಒಬ್ಬಾವ ಸತ್ತ. ನಾ ಅಲ್ಲೇ ಅದೇನಿ. ಬಾಡಿಗಿಯವರನ್ನ ಎಬ್ಬಸಾಕ ಈಗಿನ ಕಾಯದೇದಾಗ ಲಾಟಸಾಹೇಬನ ಕೈಲೂ ಆಗಂಗಿಲ್ಲಂತ. ನೀವೂ ಬಾಡಿಗಿಯಾಕಿ ಆಗಿಬಿಡ್ರಿ.”

“ನಾನು? ಬಾಡಿಗಿಯಾಕಿ?”

“ಮೈಗೇನೂ ಹತ್ತಂಗಿಲ್ರಿ. ಮೂವತ್ತು ವರ್ಷ ಆತು, ನನಗೇನಾಗೇತಿ?”

ದಾನವ್ವ ರೆಹಮತ್‌ಬಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಏನೂ ಆಗಿರಲಿಲ್ಲ.

ಒಳಗೆ ನೀಲಕಂಠಪ್ಪನವರು ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಅವರೊಬ್ಬರನ್ನು ಮಾತ್ರ ಆ ಮನೆಯಿಂದ ಯಾರೂ ಅಲುಗಿಸುವಂತಿರಲಿಲ್ಲ. ದಾನವ್ವ ಅವರೆದುರು ನಿಂತು ಗಂಟಲು ಸರಿಪಡಿಸಿಕೊಂಡಳು.

“ಒಂದು ಖೋಲಿ ಬೇಕಾಗಿತ್ರಿ.”

“ಯಾರಿಗಿ?”

“ನನಗ.”

“ಹಿಂದ ಎಲ್ಲಿದ್ರಿ?”

“ಇಲ್ಲೇ.”

“ಯಾಕ ಬಿಟ್ರಿ?”

“ಮಾಲಕರು ಛಲೋ ಇರಲಿಲ್ಲ,” ಎಂದಳು ದಾನವ್ವ, ಮುಖದ ಗೆರೆ ಅಲುಗದಂತೆ.

ನೀಲಕಂಠಪ್ಪನವರು ಬೆನ್ನು ನೆಟ್ಟಗೆ ಮಾಡಿ ಮಾಲಕರಂತೆ ಕೂತರು. ಖಾನಾವಳಿಯ ಪಲ್ಯ ಅವರ ಕಣ್ಣಮುಂದೆ ಹಾದುಹೋಗಿರಬೇಕು. “ಕೊಡಬಹುದು. ಕರಾರು ಅದಾವ. ಎರಡೂ ಹೊತ್ತು ಬಿಸಿ ರೊಟ್ಟಿ. ಎಣಗಾಯಿ. ಮ್ಯಾಲೆ ಬೆಣ್ಣಿ.”

“ಬೆಣ್ಣಿ ಹಬ್ಬಕ್ಕಷ್ಟ.”

“ಹಂಗಾದ್ರ ಬ್ಯಾರೆ ಕಡೆ ನೋಡ್ಕೋರಿ.”

ದಾನವ್ವ ಗೋಡೆಯನ್ನು ನೋಡಿದಳು. ತಾನೇ ಹೊಡೆದ ಮೊಳೆಗಳು ಸಾಲಾಗಿ ಕಂಡವು. “ಆತು,” ಎಂದಳು. “ಬೆಣ್ಣಿ ದಿನಾ.”

ಮಿರಗಕ್ಕೆ ಸ್ವಲ್ಪ ಮೊದಲು ಚನ್ನಯ್ಯನವರು ಅಳಿಯನನ್ನು ಕರೆದುಕೊಂಡು ಬಂದರು. ದಾನವ್ವ ಬಾಗಿಲಲ್ಲಿ ನಿಂತಿದ್ದಳು.

“ಮನಿ ಖಾಲಿ ಆಗಿಲ್ಲಲ್ರಿ ಅವ್ವಾರ?”

“ಯಾರು ಹೋಗಬೇಕಾಗಿತ್ರಿ ಅಯ್ಯನವರ?”

“ಮಾಲಕತ್ವ ಹೋದಾಕಿ.”

“ಆಕಿ ಹೋದಳ್ರಿ. ನಾ ನೀಲಕಂಠಪ್ಪನವರ ಕೈಕೆಳಗಿನ ಬಾಡಿಗಿಯಾಕಿ.”

“ಗಂಡ ಹೆಂಡತಿ ನಡಬರಕ ಬಾಡಿಗಿ ಎಂಥಾದ್ರಿ?”

“ನಮ್ಮೊಳಗ ಬ್ಯಾರೆ ಸಂಬಂಧ ಇಲ್ಲಂತ ನೀವ ಬರದೀರಲ್ಲ. ಅದಿರ್ಲಿ, ಈಗ ಮಾಲಕರು ಯಾರು?”

“ಕಚೇರಿ. ಕಚೇರಿ ಪರವಾಗಿ ನಾನ.”

“ಛಲೋ ಆತು. ಮ್ವಾಡ ಕಟ್ಟಾಕತ್ತೈತಿ. ನಿಚ್ಚಣಕಿ ಅಲ್ಲೈತಿ, ಮಣ್ಣು ಇಲ್ಲೈತಿ.”

“ಆಳು ಕಳಸ್ತೇನಿ.”

“ಖುದ್ದಾಗಿ ಅಂತ ಐತ್ರಿ,” ಎಂದಳು ದಾನವ್ವ. “ಭಾಳ ಛಂದ ಶಬ್ದ.”

ಸ್ವಂತ ನಿಯಮವನ್ನು ಮುರಿಯುವ ಅಧಿಕಾರ ಕಚೇರಿಗಿರಲಿಲ್ಲ. ಅಂಥ ಅಧಿಕಾರಕ್ಕೆ ಅರ್ಜಿ ಹೋಗಿತ್ತು, ಬಂದಿರಲಿಲ್ಲ. ಚನ್ನಯ್ಯನವರು ಕೋಟು ಕಳೆದು, ರುಮಾಲು ಬಿಚ್ಚಿಟ್ಟು, ಪಂಚೆ ಮೇಲೆ ಕಟ್ಟಿ ಹತ್ತಿದರು. ಅಳಿಯ ನಾಲ್ಕು ಬುಟ್ಟಿ ಮಣ್ಣು ಎತ್ತಿಕೊಟ್ಟು, ಚಹಾ ಕುಡಿದು ಬರುತ್ತೇನೆಂದು ಟ್ರಂಕು ಹೊತ್ತುಕೊಂಡು ಹೋದ. ಹೋದದ್ದು ಮಾವನ ಮನೆಗೆ.

ಇಳಿಹೊತ್ತಾಯಿತು. ಕಟ್ಟೆ ಬರಿದಾಗಿತ್ತು. ಅದು ಮಾಲಕರ ಜಾಗ, ಮಾಲಕರು ಮಾಳಿಗೆಯ ಮೇಲಿದ್ದರು. ದಾನವ್ವ ಹೊಸ್ತಿಲು ದಾಟಿ ಕಟ್ಟೆಯನ್ನು ಬಳಸಿ ಇಳಿದಳು. ಆಮೇಲೆ ಬಂದು ಒಗೆಯುವ ಕಲ್ಲಿನ ತುದಿಯಲ್ಲಿ ಕೂತಳು. ರೆಹಮತ್‌ಬಿ ಬೆಳ್ಳುಳ್ಳಿಯ ಮೊರವನ್ನು ತೊಡೆಯ ಮೇಲೆ ಎತ್ತಿಕೊಂಡು ಸರಿದು ಜಾಗ ಮಾಡಿದಳು. ಕಲ್ಲು ಇಬ್ಬರಿಗೆ ಸಾಲಲಿಲ್ಲ.

“ಇಷ್ಟು ವರ್ಷ ಇದರ ಮ್ಯಾಲೆ ಹೆಂಗ ಕುಂತಿದ್ದಿ?” ಎಂದಳು ದಾನವ್ವ. “ಚುಚ್ಚತೈತಲ್ಲ.”

“ಚುಚ್ಚತೈತ್ರಿ,” ಎಂದಳು ರೆಹಮತ್‌ಬಿ.

ದಾನವ್ವ ಎದ್ದು, ಸೆರಗು ಸರಿಪಡಿಸಿ, ಮೇಲಕ್ಕೆ ನೋಡಿ ಗಟ್ಟಿಯಾಗಿ ಕೇಳಿದಳು: “ಮಾಲಕರ! ಕಟ್ಟಿ ಖಾಲಿ ಐತಿ. ಬಾಡಿಗಿಯವರು ಕೂಡಬಹುದೇನ್ರಿ?”

“ಕೂಡ್ರಿ! ಎಲ್ಲಾರೂ ಕೂಡ್ರಿ!” ಎಂದು ಮೇಲಿನಿಂದ ಕೂಗು ಬಂತು. “ಮೊದಲ ನನ್ನ ಇಳಸ್ರಿ ತಾಯಿ!”

‘ಎಲ್ಲಾರೂ’ ಎಂಬುದನ್ನು ಕಾಯಂ ಹುಕುಮೆಂದು ತಿಳಿಯಲಾಯಿತು. ದಾನವ್ವ ಕಟ್ಟೆಯ ಮೇಲೆ ಕೂತು ಪಕ್ಕದ ಧೂಳನ್ನು ಸೆರಗಿನಿಂದ ಒರೆಸಿದಳು. ರೆಹಮತ್‌ಬಿ ಅಲ್ಲಿ ಕೂತಳು. ಚನ್ನಯ್ಯನವರನ್ನು ನಾಲ್ಕು ಮಂದಿ ಅರಳೆಯ ಚೀಲದಲ್ಲಿ ಇಳಿಸಿದರು; ಚೀಲ ನೀಲಕಂಠಪ್ಪನವರದೇ.

ಮರುವರ್ಷದ ಹೊತ್ತಿಗೆ ಬೆಂಗೇರಿಯ ಹೆಚ್ಚಿನ ವೃದ್ಧ ದಂಪತಿಗಳಿಗೆ ಭಿನ್ನಾಭಿಪ್ರಾಯ ಬಂದಿತ್ತು. ಗಬ್ಬೂರಿನಲ್ಲಿ ಒಬ್ಬರಿಗೊಬ್ಬರು ತೀರ ಒಪ್ಪಿ ನಡೆಯುತ್ತಿದ್ದ ಗಂಡ ಹೆಂಡತಿಯರು ಸಹ ಕಲಿತುಕೊಂಡು ಬಂದು ಜಗಳಾಡಿದರು. ಎಲ್ಲ ಮಾಳಿಗೆಗಳೂ ಕಚೇರಿಗೆ ಸೇರಿದವು; ಎಲ್ಲ ಮುದುಕರೂ ಅವುಗಳ ಕೆಳಗೆ ನೆಮ್ಮದಿಯಿಂದ ಬಾಡಿಗೆಗಿದ್ದರು. ಮಿರಗ ಸಮೀಪಿಸಿತೆಂದರೆ ವಖಾರಿಯ ಬಾಗಿಲಿಗೆ “ಮಾಲಕರು ಮಾಳಿಗೆಯ ಮೇಲಿದ್ದಾರೆ” ಎಂಬ ಹಲಗೆ ಬೀಳುತ್ತದೆ. ಅದನ್ನು ಓದಿ ಯಾರೂ ನಗುವುದಿಲ್ಲ. ಇದ್ದ ಸಂಗತಿಯನ್ನೇ ಅದರಲ್ಲಿ ಬರೆದಿದೆ.

ಎಣಗಾಯಿ ಬೇಯುವ ವಾಸನೆ ಓಣಿಗೆ ಬರುವ ಹೊತ್ತಿಗೆ ದಾನವ್ವ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತಿ ಹೇಳುತ್ತಾಳೆ: “ಅಯ್ಯನವರ, ಆ ಮೂಲ್ಯಾಗ ಒಂದು ಬುಟ್ಟಿ ಕಡಿಮಿ ಬಿದ್ದಂಗ ಕಾಣಸ್ತೈತಿ.”

“ಹಾಕ್ತೇನ್ರಿ ಅವ್ವಾರ,” ಎನ್ನುತ್ತಾರೆ ಮಾಲಕರು.