ಬೀದಿಗೆ ಕೇಳಿಸದ ಶಾಲೆ

ಪುಕ್ಕಲರು ಶಾಲೆ ತೆರೆಯಬಾರದು. ಈ ಸತ್ಯ ನನಗೆ ಹೊಳೆದದ್ದು ಶಾಲೆ ತೆರೆದ ಮೇಲೆ. ನಾನೋ ಹುಟ್ಟಾ ಪುಕ್ಕಲಿ. ಹಾಲು ಉಕ್ಕೀತೆಂದು ಒಲೆಯ ಮುಂದಿನಿಂದ ಕದಲುವವಳಲ್ಲ. ರೈಲಿಗೆ ಹೋಗಬೇಕಾದರೆ ಅದರ ಹಿಂದಿನ ಗಾಡಿ ಬರುವ ಮೊದಲೇ ಸ್ಟೇಷನ್ನಿನಲ್ಲಿ ಗಂಟು ಇಟ್ಟುಕೊಂಡು ಕೂತಿರುತ್ತೇನೆ. ಇಂಥವಳು ಯುದ್ಧದ ದಿನಗಳಲ್ಲಿ ಮದರಾಸಿಗೆ ಹೋಗಿ, ಮಾಂಟೆಸೊರಿ ತರಬೇತಿ ಮುಗಿಸಿ, ಬಳ್ಳಾರಿ ಸೀಮೆಯ ನಮ್ಮೂರು ಆದವಾನಿಗೆ ಮರಳಿ, ಕೈಯಲ್ಲಿದ್ದ ಬೋರ್ಡ್ ಶಾಲೆಯ ಕೆಲಸ ಬಿಟ್ಟು ಸ್ವಂತ ಶಾಲೆ ತೆರೆದೆ. ನನ್ನ ತಾಯಿ ಇದನ್ನು ಗ್ರಹಚಾರವೆಂದೇ ಕರೆದಳು. "ಇದ್ದ ನೌಕರಿ ಬಿಟ್ಟು ಇಲ್ಲದ ಸಾಲಿ ಕಟ್ಟಾಕ ಹೊಂಟೀ. ಯಾರು ಬರ್ತಾರ ನಿನ್ನ ಸಾಲಿಗೆ?" ಎಂದಳು. ನನಗೂ ಅದೇ ಸಂಶಯವಿತ್ತು. ಆದರೆ ಹೆತ್ತ ತಾಯಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ?

ಜಾಗ ಕೊಟ್ಟವರು ಹತ್ತಿ ವ್ಯಾಪಾರಿ ಗುರುಬಸಪ್ಪ ಸಾಹುಕಾರರು. ಮನೆಯ ಮುಂದಿನ ಪಡಸಾಲೆಯನ್ನು ತೋರಿಸಿ, "ದೀಪಾವಳಿ ತನಕ ನಡಸ್ರಿ, ನೋಡೂಣು" ಎಂದಿದ್ದರು. ಆಮೇಲೆ ಹೊಸ ಹತ್ತಿ ಬರತೊಡಗುತ್ತದೆ. ಶಾಲೆ ಅವರ ಮನಸ್ಸಿಗೆ ಬಂದರೆ ಸರಿ, ಇಲ್ಲವಾದರೆ ಪಡಸಾಲೆಯಲ್ಲಿ ಹತ್ತಿಯ ಅಂಡಿಗೆಗಳು, ಆಳೆತ್ತರದ ಮೂಟೆಗಳು, ಕೂರುತ್ತವೆ. ಊರಲ್ಲಿ ಇನ್ನಾರೂ ನನಗೆ ಜಾಗ ಕೊಡುವವರಿರಲಿಲ್ಲ. ತಮ್ಮ ಮೊಮ್ಮಗಳು, ನಾಲ್ಕು ವರ್ಷದ ನೀಲವ್ವನನ್ನೂ ಅವರು ನನ್ನಲ್ಲಿಗೇ ಕಳಿಸುತ್ತಿದ್ದರು. ಹೀಗಾಗಿ ಅವಳು ಒಂದು ಸೀನು ಸೀನಿದರೂ ನನಗೆ ಹತ್ತಿಯ ಅಂಡಿಗೆ ಕಾಣಿಸುತ್ತಿತ್ತು.

ತೊಂದರೆ ಎಂದರೆ, ನಮ್ಮೂರಲ್ಲಿ ಶಾಲೆ ಕಿವಿಗೆ ಬೀಳಬೇಕು. ಮೂಲೆಯ ಅಯ್ಯನವರ ಶಾಲೆಯ ಮಗ್ಗಿ ಬೀದಿ ದಾಟಿ ಹತ್ತಿ ಗಿರಣಿಯವರೆಗೆ ಹೋಗುತ್ತಿತ್ತು. ನಡುನಡುವೆ ಒಂದು ಅಳು ಕೇಳಿಸಿದರಂತೂ, ಪಾಠ ಚೆನ್ನಾಗಿ ನಡೆದಿದೆಯೆಂದು ತಾಯಂದಿರಿಗೆ ಸಮಾಧಾನ. ನನ್ನ ಶಾಲೆಯಲ್ಲಿ ಪ್ರತಿ ಮಗುವೂ ತನ್ನ ಚಾಪೆಯ ಮೇಲೆ ಕೂತು ಒಂದು ಬಟ್ಟಲಿನ ಬೇಳೆಯನ್ನೋ ನೀರನ್ನೋ ಇನ್ನೊಂದಕ್ಕೆ ಸುರಿಯುತ್ತಿತ್ತು, ಅಂಗಿಯ ಗುಂಡಿ ಹಾಕುತ್ತಿತ್ತು, ಒರಟು ಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತಿತ್ತು. ಗದ್ದಲವೇ ಇಲ್ಲ. ಮದರಾಸಿನಲ್ಲಾದರೆ ಇದಕ್ಕೆ ಬೆನ್ನು ತಟ್ಟುತ್ತಿದ್ದರು. ಇಲ್ಲಿ ಮೊಸರು ಮಾರುವವಳು ದಿನಾ ಬಾಗಿಲಲ್ಲಿ ನಿಂತು, "ಏಮಮ್ಮಾ, ಈವೇಳ ಬಡಿ ಲೇದಾ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು. ಇವತ್ತು ಶಾಲೆ ಇಲ್ಲವೇ ಅಂತೆ! ನನ್ನ ಬೆನ್ನ ಹಿಂದೆಯೇ ಶಾಲೆ ನಡೆದಿರುತ್ತಿತ್ತು.

ಒಬ್ಬ ತಾಯಿ ಬಂದು ಮುಖಕ್ಕೆ ಹೊಡೆದ ಹಾಗೆ ಹೇಳಿಯೇಬಿಟ್ಟಳು: "ಟೀಚರಮ್ಮ, ಮನ್ಯಾಗ ನೀರು ಚೆಲ್ಲಿದ್ರ ಬೆನ್ನಿಗೆ ಕೊಡ್ತೀವ್ರಿ. ನೀವು ದಿನಾ ನೀರು ಸುರುವಾಕ ಕಲಸ್ತೀರಿ. ಇದಕ್ಕ ಸಾಲಿ ಯಾಕ ಬೇಕ್ರಿ?" ಮಗುವನ್ನು ಸೊಂಟಕ್ಕೇರಿಸಿಕೊಂಡು ಸೀದಾ ಅಯ್ಯನವರ ಶಾಲೆಯ ಕಡೆ ನಡೆದಳು. ಅವಳ ಹಿಂದೆ ಇನ್ನೂ ಕೆಲವರು ಹೋದರು. ಖಾಲಿ ಚಾಪೆಗಳನ್ನು ಸುತ್ತಿಡಲು ನನಗೆ ಮನಸ್ಸಾಗಲಿಲ್ಲ. ರಾತ್ರಿ ಮಜ್ಜಿಗೆ ಬಡಿಸುತ್ತ ತಾಯಿ ಇನ್ನೆಷ್ಟು ಮಕ್ಕಳು ಉಳಿದಿವೆಯೆಂದು ಕೇಳುತ್ತಿದ್ದಳು, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ದೀಪಾವಳಿ ಹತ್ತಿರ ಬಂತು. ಒಂದು ಬೆಳಿಗ್ಗೆ ಸಾಹುಕಾರರು ಹೊರಗಿನ ಕಟ್ಟೆಯ ಮೇಲೆ ನಿಂತು, "ಕಿವಿಗೆ ಏನೂ ಬೀಳವಲ್ದು. ಒಳಗ ಸಾಲಿ ಐತೋ, ಸೂಟಿ ಐತೋ?" ಎಂದದ್ದು ಕಿಟಕಿಯಿಂದ ಕೇಳಿಸಿತು. ಕೆಲಸದಲ್ಲಿ ಮುಳುಗಿದ ಮಗುವನ್ನು ಬ್ರಹ್ಮನೇ ಬಂದರೂ ಎಬ್ಬಿಸಬಾರದು ಎಂದು ಕಲಿತು ಬಂದವಳು, ಚಪ್ಪಾಳೆ ತಟ್ಟಿ, "ಎಲ್ಲಾರೂ ಏಳ್ರಿ! ಎರಡೊಂದ್ಲಿ ಎರಡು!" ಎಂದು ಕೂಗಿಬಿಟ್ಟೆ. ಪಾಪ, ಆ ಮಕ್ಕಳಿಗೆ ಮಗ್ಗಿ ಎಂದರೇನೆಂದೇ ಗೊತ್ತಿಲ್ಲ. ಟೀಚರಿಗೆ ಏನಾಯಿತೋ ಎಂದು ನನ್ನನ್ನೇ ನೋಡಿದವು. ಶುರುಮಾಡಿದ ಮೇಲೆ ನಿಲ್ಲಿಸುವುದು ತಿಳಿಯದೆ ನಾನೊಬ್ಬಳೇ "ಎರಡ್ನಾಕ್ಲಿ ಎಂಟು" ತನಕ ಹೋದೆ. ಅಷ್ಟರಲ್ಲಿ ಸಾಹುಕಾರರು ಬಾಗಿಲಲ್ಲಿದ್ದರು.

ನೀಲವ್ವ ಬಟ್ಟಲು ಕೆಳಗಿಟ್ಟು ಎದ್ದು ಬಂದಳು. ನನ್ನ ಸೆರಗು ಜಗ್ಗಿ, ತುಟಿಯ ಮೇಲೆ ಬೆರಳಿಟ್ಟು, "ಟೀಚರಮ್ಮ, ಒದರಬ್ಯಾಡ್ರಿ. ಎಲ್ಲಾರೂ ಕೆಲಸ ಮಾಡಾಕತ್ಯಾರ" ಎಂದಳು. ಆಮೇಲೆ ತನ್ನ ಚಾಪೆಗೆ ಹೋಗಿ ಉಳಿದ ಬೇಳೆ ಸುರಿದು, ಕೆಳಗೆ ಬಿದ್ದ ಕಾಳನ್ನು ಹೆಕ್ಕಿ ಬಟ್ಟಲಿಗೆ ಹಾಕಿದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಸಾಹುಕಾರರು ಒಂದು ಖಾಲಿ ಚಾಪೆಯ ಮೇಲೆ ಕೂತು ಬಹಳ ಹೊತ್ತು ನೋಡಿದರು. ಕೊನೆಗೆ ದನಿ ತಗ್ಗಿಸಿ ಹೇಳಿದರು: "ಹತ್ತಿ ಪ್ಯಾಟ್ಯಾಗ ನಾವು ಟವಲಿನ ಕೆಳಗ ಬೆರಳು ಹಿಡದು ರೇಟು ಮಾಡ್ತೀವ್ರಿ. ಬಾಯಿ ತೆಗದಾವ ಕೆಟ್ಟ. ನನ್ನ ಮಗಗ ಮೀಸಿ ಬಂದ್ರೂ ಬಾಯಿ ಮುಚ್ಚಾಕ ಬಂದಿಲ್ಲ. ಈಕಿ ಈಗಽ ಕಲ್ತಾಳ ನೋಡ್ರಿ."

ಇದು ವ್ಯಾಪಾರದ ಪಾಠವಲ್ಲ, ಏಕಾಗ್ರತೆಯ ಪಾಠ ಎಂದು ವಿವರಿಸಲು ಬಾಯಿ ತೆರೆದೆ. ನೀಲವ್ವ ನನ್ನತ್ತ ನೋಡಿದಳು. ಮುಚ್ಚಿದೆ. ಪಡಸಾಲೆಯ ಗತಿಯೇನೆಂದು ಕೇಳುವ ಧೈರ್ಯವೂ ಬರಲಿಲ್ಲ. ಸಾಹುಕಾರರೇ ಏಳುತ್ತ ಮೊಮ್ಮಗಳಿಗೆ ಹೇಳಿದರು: "ಹುಡುಗ್ರು ಎಲ್ಲಾ ಕಲ್ತೀರವ್ವಾ. ನಿಮ್ಮ ಟೀಚರಮ್ಮ ಒಬ್ಬಾಕಿ ಇನ್ನಾ ಕಲೀಬೇಕು. ಆಕಿ ಕಲಿಯೋತನಕ ಪಡಸಾಲಿ ಇರ್ಲಿ."

ಆ ದಿನ ನಾನು ಅತ್ತೆ, ಸಂತೋಷಕ್ಕೇ. ಆದರೆ ಪುಕ್ಕಲರಿಗೆ ಸಂತೋಷ ಎಷ್ಟು ಹೊತ್ತು? ಮಾರನೆಯ ದಿನವೇ ಹೊಸ ಚಿಂತೆ ಹತ್ತಿತು: ನಾನು ಪೂರ್ತಿ ಕಲಿತುಬಿಟ್ಟರೆ? ಅದಕ್ಕೇ ಈಗ ಸಾಹುಕಾರರ ಚಪ್ಪಲಿಯ ಸಪ್ಪಳ ಕೇಳಿದೊಡನೆ ಬೇಕೆಂದೇ ಗಟ್ಟಿಯಾಗಿ ಒಂದು ಮಾತಾಡುತ್ತೇನೆ. ನೀಲವ್ವ ಗದರುತ್ತಾಳೆ. ಹೊರಗಿನಿಂದ, "ಇನ್ನಾ ಕಲ್ತಿಲ್ಲೇನು ಆಕಿ?" ಎಂಬ ದನಿ ಬರುತ್ತದೆ. ನಾನು ತಲೆ ತಗ್ಗಿಸಿ ಸುಮ್ಮನಾಗುತ್ತೇನೆ, ಶಾಲೆ ನಡೆಯುತ್ತದೆ.